ಪೌಲನ ಪತ್ರಿಕೆಗಳು: ಊಟದ ಪಂಕ್ತಿಯಲ್ಲಿ ಎದ್ದ ಜಗಳ

ಪತ್ರಿಕೆ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಮುಂಜಾನೆಯ ಬಸ್ಸಿಗೆ ಕಬ್ಬೂರಕ್ಕೆ ಬಂದು ಬೀಳುವ ಪೇಪರ್ ಕಟ್ಟು. ಕನ್ನಡ ಬೈಬಲ್ ತೆರೆದರೆ ಅದೇ ಶಬ್ದ ಬೇರೆ ಅರ್ಥದಲ್ಲಿ ಸಿಗುತ್ತದೆ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆ, ಕೊರಿಂಥದವರಿಗೆ ಬರೆದ ಪತ್ರಿಕೆ, ಗಲಾತ್ಯದವರಿಗೆ ಬರೆದ ಪತ್ರಿಕೆ. ಇಲ್ಲಿ ಪತ್ರಿಕೆ ಅಂದರೆ ಬರೀ ಕಾಗದ, ಓಲೆ. ಲಗ್ನಪತ್ರಿಕೆ ಅನ್ನುವಾಗ ನಾವೂ ಆ ಹಳೆಯ ಅರ್ಥದಲ್ಲೇ ಮಾತಾಡುತ್ತೇವೆ. ಪತ್ರಿಕೋದ್ಯಮ ಓದಿದ ನಾವೆಲ್ಲ ಜುಲೈ 1ರಂದು ಪತ್ರಿಕಾ ದಿನ ಆಚರಿಸುತ್ತೇವಲ್ಲ, ಅದು 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ನೆನಪಿಗೆ. ಮೋಗ್ಲಿಂಗ್ ಬಾಸೆಲ್ ಮಿಶನ್ನಿನ ಪಾದ್ರಿ. ಸುದ್ದಿ ಪತ್ರಿಕೆ ಹೊರಡಿಸುವ ಮೊದಲು ಅವರ ಕೈಯಲ್ಲಿ ದಿನವೂ ಇರುತ್ತಿದ್ದದ್ದು ಈ ಇನ್ನೊಂದು ಬಗೆಯ ಪತ್ರಿಕೆಗಳು.

ಇದನ್ನು ಈಗ ಯಾಕೆ ಬರೆಯುತ್ತೀರಿ ಅಂತ ಕೇಳುವವರು ಇದ್ದಾರೆ. 2021ರ ಡಿಸೆಂಬರಿನಲ್ಲಿ ಮತಾಂತರದ ವಿಚಾರದ ಮಸೂದೆ ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ ವಿಧಾನಸಭೆಯ ಒಪ್ಪಿಗೆ ಪಡೆಯಿತು. ಅವತ್ತಿನಿಂದ ನಮ್ಮ ಕಡೆ ಬೈಬಲ್ ಅನ್ನುವ ಶಬ್ದ ಕೇಳಿದರೆ ಸಾಕು, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಶೋಕನ ಶಾಸನ ಓದಿದವರು ಬೌದ್ಧರಾಗುವುದಿಲ್ಲ. ಪಂಪನನ್ನು ಓದಿದವರೆಲ್ಲ ಜೈನರಲ್ಲ. ಹಾಗೆಯೇ ಎರಡು ಸಾವಿರ ವರ್ಷದ ಹಳೆಯ ಈ ಕಾಗದಗಳನ್ನು ಚರಿತ್ರೆಯ ದಾಖಲೆಯಾಗಿ ಓದಬಹುದು. ನಾವು ಇಲ್ಲಿ ಮಾಡುವುದು ಅಷ್ಟೇ.

ಇವು ನಮಗೆ ತೀರ ದೂರದವೂ ಅಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಎಷ್ಟೋ ಮನೆಗಳಲ್ಲಿ ಯಾರಿಗಾದರೂ ಜಡ್ಡು ಜೋರಾದರೆ ಬಾಯಿಗೆ ಬರುವ ಮೊದಲ ಹೆಸರು ಮಿರಜ. ಅಲ್ಲಿಯ ಮಿಶನ್ ದವಾಖಾನೆಯನ್ನು ವಿಲಿಯಂ ವಾನ್ಲೆಸ್ ಎಂಬ ವೈದ್ಯರು 1894ರಲ್ಲಿ ಆರಂಭಿಸಿದರು. ಕೊಲ್ಹಾಪುರಕ್ಕೆ ಅಮೆರಿಕದ ಮಿಶನರಿ ರಾಯಲ್ ವೈಲ್ಡರ್ 1852ರಲ್ಲೇ ಬಂದಿದ್ದರು. ಬೆಳಗಾವಿಗೆ ಅದಕ್ಕಿಂತ ಮುಂಚೆ, 1820ರಲ್ಲಿ, ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬಂದರು. ಆ ಬಳ್ಳಾರಿಯಲ್ಲಿ 1810ರಿಂದ ಇದ್ದ ಜಾನ್ ಹ್ಯಾಂಡ್ಸ್ ಎಂಬುವರು ಕನ್ನಡ ಕಲಿತು, ಮುಂದೆ ವಿಲಿಯಂ ರೀವ್ ಅವರ ಜೊತೆ ಸೇರಿ ಬೈಬಲ್ಲನ್ನು ಕನ್ನಡಕ್ಕೆ ತಂದರು. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು 1831ರಲ್ಲಿ. ಅಂದರೆ ಕಿಟೆಲ್ ನಿಘಂಟು ಬರುವುದಕ್ಕೆ ಅರವತ್ಮೂರು ವರ್ಷ ಮೊದಲೇ ಪೌಲ ಕನ್ನಡದಲ್ಲಿ ಮಾತಾಡಲು ಶುರುಮಾಡಿದ್ದ.

ಈ ಪೌಲ ಯಾರು? ಯೆಹೂದಿ ಮನುಷ್ಯ. ಈಗಿನ ಟರ್ಕಿ ದೇಶದಲ್ಲಿರುವ ತಾರ್ಸ ಎಂಬ ಪಟ್ಟಣದವನು. ಯೇಸು ಬದುಕಿದ್ದಾಗ ಅವನ ಹಿಂದೆ ತಿರುಗಿದ ಹನ್ನೆರಡು ಮಂದಿಯಲ್ಲಿ ಇವನಿಲ್ಲ. ಬದಲಿಗೆ, ಯೇಸುವಿನ ಹಿಂಬಾಲಕರನ್ನು ಹಿಡಿದು ಹಿಂಸೆ ಕೊಟ್ಟವನು. ಅದನ್ನು ಬೇರೆ ಯಾರೋ ಆರೋಪ ಮಾಡಿದ್ದಲ್ಲ, ತನ್ನ ಕಾಗದದಲ್ಲಿ ತಾನೇ ಬರೆದುಕೊಂಡಿದ್ದಾನೆ. ಆಮೇಲೆ ಸತ್ತು ಎದ್ದ ಯೇಸು ತನಗೆ ಕಾಣಿಸಿದ ಎಂದು ಹೇಳಿ ಪೂರ್ತಿ ಮಗ್ಗಲು ಬದಲಿಸಿದ. ಅಪೊಸ್ತಲ ಅಂದರೆ ಕಳಿಸಲ್ಪಟ್ಟವನು, ದೂತ. ‘ನೀನು ಎಂಥ ಅಪೊಸ್ತಲ, ನೀನು ಅವರನ್ನು ನೋಡೇ ಇಲ್ಲ’ ಎಂಬ ಚುಚ್ಚುಮಾತನ್ನು ಇವನು ಬದುಕಿನುದ್ದಕ್ಕೂ ಕೇಳಿದ. ಪತ್ರಗಳಲ್ಲಿ ಅಲ್ಲಲ್ಲಿ ಕಾಣುವ ಸಿಟ್ಟಿಗೆ ಅರ್ಧ ಕಾರಣ ಇದೇ.

ಬೈಬಲ್ಲಿನಲ್ಲಿ ಪೌಲನ ಹೆಸರು ಹೊತ್ತ ಪತ್ರಗಳು 13. ಅವುಗಳಲ್ಲಿ 7 ಅವನವೇ ಎಂಬುದನ್ನು ವಿದ್ವಾಂಸರು ಹೆಚ್ಚುಕಡಿಮೆ ಎಲ್ಲರೂ ಒಪ್ಪುತ್ತಾರೆ: ರೋಮ, ಕೊರಿಂಥದ ಎರಡು, ಗಲಾತ್ಯ, ಫಿಲಿಪ್ಪಿ, ಥೆಸಲೊನೀಕದ ಮೊದಲನೆಯದು, ಮತ್ತೆ ಫಿಲೆಮೋನನಿಗೆ ಬರೆದದ್ದು. ಉಳಿದ 6ರ ಬಗ್ಗೆ ವಾದ ಇದೆ. ಶಿಷ್ಯರು ಗುರುವಿನ ಹೆಸರಿಟ್ಟು ಬರೆದಿರಬಹುದು ಎಂಬುದು ಹಲವರ ಮತ. ವಚನಗಳ ಅಂಕಿತದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಗೊತ್ತಿದ್ದವರಿಗೆ ಇದು ಹೊಸದು ಅನಿಸಲಿಕ್ಕಿಲ್ಲ.

ಕಾಲ ಹೇಗೆ ಗೊತ್ತಾಯಿತು ಅನ್ನುವುದು ಸ್ವಾರಸ್ಯದ ವಿಷಯ. ಸವದತ್ತಿ ರಟ್ಟರ ಕಾಲವನ್ನು ನಾವು ಕಲ್ಲಿನ ಮೇಲಿನ ಶಾಸನದಿಂದ ತಿಳಿಯುತ್ತೇವೆ. ಇಲ್ಲಿಯೂ ಒಂದು ಕಲ್ಲೇ ಕೆಲಸಕ್ಕೆ ಬಂತು. ಪೌಲನನ್ನು ಕೊರಿಂಥದಲ್ಲಿ ಗಲ್ಲಿಯೋನ ಎಂಬ ರೋಮನ್ ಅಧಿಕಾರಿಯ ಮುಂದೆ ಎಳೆದು ತಂದರು ಎಂದು ಅಪೊಸ್ತಲರ ಕೃತ್ಯಗಳು ಎಂಬ ಭಾಗ ಹೇಳುತ್ತದೆ. ಗ್ರೀಸಿನ ಡೆಲ್ಫಿಯಲ್ಲಿ ಸಿಕ್ಕ ಒಡೆದ ಶಾಸನವೊಂದರಲ್ಲಿ ಆ ಅಧಿಕಾರಿಯ ಹೆಸರು ಇದೆ. ಅದರಿಂದ ಅವನು ಅಲ್ಲಿದ್ದದ್ದು ಕ್ರಿ.ಶ. 51-52ರ ಸುಮಾರಿಗೆ ಎಂದು ಲೆಕ್ಕ ಹಾಕಿದರು. ಆ ಒಂದು ಗೂಟಕ್ಕೆ ಉಳಿದ ಪತ್ರಗಳ ಕಾಲವನ್ನು ಕಟ್ಟಿದ್ದಾರೆ. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರ ಸುಮಾರು ಕ್ರಿ.ಶ. 50ರದ್ದು. ಯೇಸುವಿನ ಜೀವನ ಹೇಳುವ ಸುವಾರ್ತೆಗಳಲ್ಲಿ ಅತಿ ಹಳೆಯದಾದ ಮಾರ್ಕನದು ಬಂದದ್ದು ಕ್ರಿ.ಶ. 70ರ ಆಸುಪಾಸು. ಅಂದರೆ ಕ್ರೈಸ್ತರು ಬರೆದಿಟ್ಟದ್ದರಲ್ಲಿ ನಮಗೆ ಸಿಕ್ಕ ಅತಿ ಹಳೆಯದು ಕಥೆಯಲ್ಲ, ಕಾಗದ. ಪುಸ್ತಕದಲ್ಲಿ ಸುವಾರ್ತೆ ಮುಂದೆ, ಕಾಗದ ಹಿಂದೆ. ಕಾಲದಲ್ಲಿ ಅದು ಉಲ್ಟಾ.

ಕಾಗದ ಅನ್ನುವುದನ್ನು ಮರೆತರೆ ಎಲ್ಲ ತಪ್ಪುತ್ತದೆ. ಚಿಕ್ಕೋಡಿ ಬಸ್ಸಿನಲ್ಲಿ ಮುಂದಿನ ಸೀಟಿನವರು ಫೋನಿನಲ್ಲಿ ಜಗಳ ಆಡುತ್ತಿದ್ದರೆ ನಮಗೆ ಒಂದೇ ಕಡೆಯ ಮಾತು ಕೇಳುತ್ತದೆ. ‘ಯಾರು ಹೇಳಿದ್ರ ನಿನಗ? ನಾ ರೊಕ್ಕ ಇಸಗೊಂಡಿಲ್ಲ!’ ಅಂದರೆ ಆ ಕಡೆಯವರು ಏನಂದಿರಬಹುದು ಎಂದು ನಾವು ಊಹಿಸುತ್ತೇವೆ. ಪೌಲನ ಪತ್ರಗಳನ್ನು ಓದುವುದೂ ಹಾಗೆಯೇ. ಅವನು ಶಾಸ್ತ್ರಗ್ರಂಥ ಬರೆಯಲು ಕೂತವನಲ್ಲ. ಇಂಥ ಊರಿನ ಇಂಥ ಸಭೆಯಲ್ಲಿ ಇಂಥ ಗದ್ದಲ ಎದ್ದಿದೆ ಎಂಬ ಸುದ್ದಿ ಬರುತ್ತಿತ್ತು, ಅದಕ್ಕೆ ಉತ್ತರ ಬರೆಸುತ್ತಿದ್ದ. ಅವನು ಬಾಯಲ್ಲಿ ಹೇಳುತ್ತಿದ್ದ, ಬೇರೊಬ್ಬ ಬರೆಯುತ್ತಿದ್ದ. ಕೊನೆಗೆ ಎರಡು ಸಾಲು ಸ್ವಂತ ಕೈಯಿಂದ ಹಾಕುತ್ತಿದ್ದ, ಗಲಾತ್ಯದವರಿಗಂತೂ ತನ್ನ ಅಕ್ಷರ ಎಷ್ಟು ದಪ್ಪ ನೋಡಿ ಎಂದು ತಾನೇ ತೋರಿಸಿದ್ದಾನೆ. ಅಂಚೆ ಇಲ್ಲ. ರೋಮಿನ ಅಂಚೆ ಇದ್ದದ್ದು ಸರಕಾರದ ಕೆಲಸಕ್ಕೆ ಮಾತ್ರ. ಹೀಗಾಗಿ ಆ ಕಡೆ ಹೊರಟ ನಂಬಿಕೆಯ ಮನುಷ್ಯನ ಕೈಯಲ್ಲಿ ಕಳಿಸಬೇಕಿತ್ತು. ಮುಟ್ಟಿದ ಮೇಲೆ ಅದನ್ನು ಎಲ್ಲರೂ ಕೂಡಿದಾಗ ಗಟ್ಟಿಯಾಗಿ ಓದುತ್ತಿದ್ದರು, ಯಾಕೆಂದರೆ ಬಹಳ ಮಂದಿಗೆ ಓದಲು ಬರುತ್ತಿರಲಿಲ್ಲ. ಮಿಲಿಟರಿಯಲ್ಲಿದ್ದ ಮಗನ ಕಾಗದ ಬಂದರೆ ಮಾಸ್ತರರ ಕಡೆ ಒಯ್ದು ಓದಿಸುತ್ತಿದ್ದ ಅಜ್ಜಿಯರನ್ನು ಕಂಡ ಊರುಗಳು ನಮ್ಮವು. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಜಗಳಕ್ಕೆ ಬರೋಣ.

ಅಂತಿಯೋಕ್ಯ ದೊಡ್ಡ ಪಟ್ಟಣ. ಅಲ್ಲಿ ಯೇಸುವನ್ನು ನಂಬಿದವರಲ್ಲಿ ಯೆಹೂದ್ಯರೂ ಇದ್ದರು, ಯೆಹೂದ್ಯರಲ್ಲದವರೂ ಇದ್ದರು. ಇಬ್ಬರೂ ಒಂದೇ ಕಡೆ ಕೂತು ಉಣ್ಣುತ್ತಿದ್ದರು. ಪೇತ್ರ, ಅಂದರೆ ಯೇಸುವಿನ ಶಿಷ್ಯರಲ್ಲೇ ಹಿರಿಯ, ಅಲ್ಲಿಗೆ ಬಂದಾಗ ಅವನೂ ಜೊತೆಗೆ ಕೂತ. ಅಷ್ಟರಲ್ಲಿ ಯೆರೂಸಲೇಮಿನಿಂದ, ಯೇಸುವಿನ ತಮ್ಮ ಯಾಕೋಬನ ಕಡೆಯಿಂದ, ಕೆಲವರು ಬಂದರು. ಅವರನ್ನು ಕಂಡದ್ದೇ ಪೇತ್ರ ಮೆಲ್ಲಗೆ ಪಂಕ್ತಿಯಿಂದ ಎದ್ದ. ಅವನು ಎದ್ದದ್ದು ನೋಡಿ ಉಳಿದ ಯೆಹೂದ್ಯರೂ ಎದ್ದರು. ಪೌಲನ ಜೊತೆಗಾರ ಬಾರ್ನಬ ಕೂಡ ಎದ್ದ. ಪೌಲ ಎಲ್ಲರ ಎದುರಿಗೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಇದು ಗಲಾತ್ಯದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿದೆ.

ಜಾತಿ ಪಂಕ್ತಿ ಕಂಡ ನಮಗೆ ಈ ದೃಶ್ಯ ಅರ್ಥ ಮಾಡಿಸಬೇಕಾಗಿಲ್ಲ. ಮದುವೆ ಮನೆಯಲ್ಲಿ ಒಂದೇ ಸಾಲಿನಲ್ಲಿ ಕೂತಿದ್ದವರು, ಊರಿನ ಹಿರಿಯರು ಬಂದ ತಕ್ಷಣ ಎಲೆ ಬಿಟ್ಟು ಏಳುವುದು ಹೊಸ ಸಂಗತಿ ಏನಲ್ಲ. ಪೇತ್ರ ಕೆಟ್ಟ ಮನುಷ್ಯ ಅಲ್ಲ. ಮುಲಾಜಿನ ಮನುಷ್ಯ. ಜಗತ್ತಿನಲ್ಲಿ ಭೇದಭಾವ ಉಳಿದಿರುವುದು ಕೆಟ್ಟವರಿಂದ ಎಷ್ಟೋ, ಮುಲಾಜಿನವರಿಂದಲೂ ಅಷ್ಟೇ ಎಂದು ನಮಗೆ ಅನಿಸುತ್ತದೆ.

ಆ ಕಡೆಯವರ ಮಾತನ್ನೂ ಕೇಳಬೇಕು. ಯೆಹೂದ್ಯರ ಊಟದ ನಿಯಮ, ಸಬ್ಬತ್ತು, ಸುನ್ನತಿ ಇವು ಬರೀ ಮಡಿಯ ಹಟ ಅಲ್ಲ. ರೋಮನ್ನರ ಕೈಕೆಳಗೆ ಬದುಕುತ್ತಿದ್ದ ಒಂದು ಚಿಕ್ಕ ಜನಾಂಗ ತನ್ನತನ ಉಳಿಸಿಕೊಂಡದ್ದೇ ಈ ನಿಯಮಗಳಿಂದ. ಇವುಗಳಿಗಾಗಿ ಜನ ಜೀವ ಕೊಟ್ಟಿದ್ದರು. ನಮ್ಮ ಚಿಕ್ಕೋಡಿ ಕಡೆಯ ಜೈನ ಮನೆಗಳಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ನೇಮವನ್ನು ಯಾರೂ ಕೀಳಾಗಿ ನೋಡುವುದಿಲ್ಲವಲ್ಲ. ಪೌಲನೂ ಆ ನೇಮಗಳನ್ನು ಪಾಲಿಸುವವರನ್ನು ಬೈಯಲಿಲ್ಲ, ತಾನು ಯೆಹೂದಿ ಅನ್ನುವುದನ್ನು ಕೊನೆಯವರೆಗೂ ಬಿಡಲಿಲ್ಲ. ಅವನು ಕೇಳಿದ್ದು ಬೇರೆ: ಹೊರಗಿನಿಂದ ಬಂದವನ ಮೇಲೆ ಆ ನೇಮ ಹೇರಿ, ಹೇರಿಸಿಕೊಳ್ಳದಿದ್ದರೆ ಪಂಕ್ತಿಯಿಂದ ಎಬ್ಬಿಸುವುದು ಸರಿಯೇ? ಮುಂದಿನ ಶತಮಾನಗಳಲ್ಲಿ ಯೂರೋಪಿನ ಕ್ರೈಸ್ತರು ಪೌಲನ ಈ ವಾದವನ್ನೇ ಹಿಡಿದು ಯೆಹೂದ್ಯರನ್ನು ದ್ವೇಷಿಸಿದರು. ತನ್ನ ಜನದ ಬಗ್ಗೆ ಎದೆಯಲ್ಲಿ ಎಡೆಬಿಡದ ನೋವಿದೆ ಎಂದು ರೋಮಾಪುರದವರಿಗೆ ಬರೆದವನ ಹೆಸರಿನಲ್ಲಿ ಆ ದ್ವೇಷ ನಡೆಯಿತು.

ಆ ಜಗಳದಲ್ಲಿ ಗೆದ್ದವರು ಯಾರು? ಪೌಲ ತನ್ನ ಮಾತನ್ನು ಉದ್ದಕ್ಕೆ ಬರೆದಿದ್ದಾನೆ, ಪೇತ್ರ ಒಪ್ಪಿದ ಎಂದು ಮಾತ್ರ ಎಲ್ಲೂ ಬರೆದಿಲ್ಲ. ಗೆದ್ದಿದ್ದರೆ ಬರೆಯದೇ ಬಿಡುವ ಮನುಷ್ಯ ಅವನಲ್ಲ.

ಪೌಲನ ವಿಚಾರದ ತಿರುಳು ಈ ಊಟದ ಜಗಳದಿಂದಲೇ ಹುಟ್ಟಿತು ಅಂದರೆ ತಪ್ಪಾಗಲಾರದು. ಮನುಷ್ಯ ದೇವರ ಮುಂದೆ ಸರಿ ಅನಿಸಿಕೊಳ್ಳುವುದು ನೇಮ ಪಾಲಿಸುವುದರಿಂದಲೋ, ನಂಬಿಕೆಯಿಂದಲೋ? ನಂಬಿಕೆಯಿಂದ ಎಂದು ಅವನ ಉತ್ತರ. ಹಾಗಾದರೆ ಯೆಹೂದಿ, ಗ್ರೀಕ, ಆಳು, ಒಡೆಯ, ಗಂಡು, ಹೆಣ್ಣು ಎಂಬ ಭೇದಗಳು ಆ ಬಾಗಿಲಲ್ಲಿ ಲೆಕ್ಕಕ್ಕಿಲ್ಲ ಎಂಬ ತೀರ್ಮಾನಕ್ಕೂ ಅವನು ಬರಬೇಕಾಯಿತು, ಬಂದ. ಇದೆಲ್ಲವನ್ನು ಅವನು ಅವಸರದಲ್ಲಿ ಬರೆದ. ಲೋಕದ ಕೊನೆ ತನ್ನ ಕಾಲದಲ್ಲೇ ಬರುತ್ತದೆ ಎಂದು ಅವನು ನಂಬಿದ್ದ. ಥೆಸಲೊನೀಕದವರು ‘ಯೇಸು ಮತ್ತೆ ಬರುವ ಮೊದಲೇ ನಮ್ಮವರು ಸತ್ತುಹೋದರಲ್ಲ, ಅವರ ಗತಿ ಏನು’ ಎಂದು ಚಿಂತೆ ಮಾಡಿದ್ದಕ್ಕೆ ಅವನು ಸಮಾಧಾನ ಬರೆದಿದ್ದಾನೆ. ಅವಸರ ಗೊತ್ತಿಲ್ಲದೆ ಓದಿದರೆ ಮದುವೆ, ಆಸ್ತಿ, ಸರಕಾರದ ಬಗ್ಗೆ ಅವನ ಮಾತುಗಳು ವಿಚಿತ್ರ ಅನಿಸುತ್ತವೆ.

ಕನ್ನಡಕ್ಕೆ ತಂದವರು ಈ ವಿಚಾರಕ್ಕೆ ಆರಿಸಿದ ಶಬ್ದಗಳನ್ನು ನೋಡಬೇಕು. ಮೋಶೆಯ ಕಟ್ಟಳೆಗೆ ‘ಧರ್ಮಶಾಸ್ತ್ರ’ ಎಂದರು. ಅದರ ಆಚರಣೆಗೆ ‘ನೇಮನಿಷ್ಠೆ’ ಎಂದರು. ಯೆರೂಸಲೇಮಿನ ಜಗಳ ಕನ್ನಡದ ಕಿವಿಗೆ ತಟ್ಟನೆ ಅಗ್ರಹಾರದ ಜಗಳವಾಗಿ ಕೇಳಿಸಿತು. ಧರ್ಮಶಾಸ್ತ್ರ ಎಂದರೆ ನಮ್ಮವರಿಗೆ ನೆನಪಾಗುವುದು ಮೋಶೆ ಅಲ್ಲ, ಮನು. ಸುನ್ನತಿ ಎಂಬುದಂತೂ ಮುಸಲ್ಮಾನರ ಮನೆಗಳಿಂದ ಕನ್ನಡಕ್ಕೆ ಬಂದ ಅರಬ್ಬಿ ಮೂಲದ ಮಾತು. ಕ್ರೈಸ್ತರ ಕೂಟಕ್ಕೆ ‘ಸಭೆ’ ಎಂದರು, ದೇವರ ದಯೆಗೆ ‘ಕೃಪೆ’ ಎಂದರು. ಅಷ್ಟೂ ಶಬ್ದ ಇಲ್ಲಿಯವೇ.

ಕೊರಿಂಥದ ಪಂಕ್ತಿಯ ಕಥೆ ಇನ್ನೂ ಹತ್ತಿರದ್ದು. ಅಲ್ಲಿ ಯೇಸುವಿನ ನೆನಪಿನ ಊಟಕ್ಕೆ ಎಲ್ಲರೂ ಸಂಜೆ ಕೂಡುತ್ತಿದ್ದರು. ದೊಡ್ಡ ಮನೆ ಉಳ್ಳವರದ್ದು. ಅವರು ಮತ್ತು ಅವರ ಗೆಳೆಯರು ಬೇಗ ಬಂದು ಉಂಡು ಕುಡಿದು ಮುಗಿಸುತ್ತಿದ್ದರು. ದುಡಿಯುವವರು, ಗುಲಾಮರು ಕೆಲಸ ತೀರಿಸಿ ಬರುವಷ್ಟರಲ್ಲಿ ಏನೂ ಉಳಿಯುತ್ತಿರಲಿಲ್ಲ. ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಅಮಲಿನಲ್ಲಿರುತ್ತಾನೆ ಎಂದು ಪೌಲ ಕೆಂಡಾಮಂಡಲವಾದ. ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂದು ಬರೆದ. ಹಸಿವು ತಡೆಯದಿದ್ದರೆ ಮನೆಯಲ್ಲೇ ಉಂಡು ಬನ್ನಿ ಎಂದೂ ಬರೆದ. ಇಲ್ಲಿ ನಮಗೆ ಪೌಲ ಸ್ವಲ್ಪ ಮೆತ್ತಗಾದಂತೆ ಕಾಣುತ್ತದೆ. ನಿಮ್ಮ ಮನೆಯ ಅಡಿಗೆಯಲ್ಲಿ ಅವರಿಗೂ ಪಾಲು ಕೊಡಿ ಎಂದು ನೇರವಾಗಿ ಹೇಳಬಹುದಿತ್ತು. ನಮ್ಮ ಕಡೆಯ ಶರಣರ ದಾಸೋಹದ ವಿಚಾರ ಆ ಮಟ್ಟಿಗೆ ಮುಂದೆ ಹೋಗಿತ್ತು.

ಅದೇ ಊರಿನದು ಇನ್ನೊಂದು ಪ್ರಶ್ನೆ. ಬೇರೆ ದೇವರಿಗೆ ಬಲಿ ಕೊಟ್ಟ ಮಾಂಸ ತಿನ್ನಬಹುದೋ ಇಲ್ಲವೋ? ಪೇಟೆಯಲ್ಲಿ ಸಿಗುವ ಮಾಂಸದಲ್ಲಿ ಗುಡಿಯಿಂದ ಬಂದದ್ದೂ ಇರುತ್ತಿತ್ತು. ಪೌಲನ ಉತ್ತರ ವ್ಯವಹಾರಸ್ಥನ ಉತ್ತರ. ಪೇಟೆಯಲ್ಲಿ ಮಾರುವುದನ್ನು ವಿಚಾರಿಸದೆ ಕೊಳ್ಳಿ. ಯಾರಾದರೂ ಊಟಕ್ಕೆ ಕರೆದರೆ ಬಡಿಸಿದ್ದನ್ನು ಉಣ್ಣಿ. ಆದರೆ ಇದು ಬಲಿಯದ್ದು ಎಂದು ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸಿಗಾಗಿ ಬಿಡಿ. ಗುಡಿಯಲ್ಲೇ ಕೂತು ಉಣ್ಣುವುದು ಮಾತ್ರ ಬೇಡ. ತಿಳಿದವನು ತನ್ನ ತಿಳಿವಳಿಕೆಯ ಜೋರಿನಲ್ಲಿ ಬಡವನ ಮನಸ್ಸನ್ನು ತುಳಿಯಬಾರದು ಎಂಬುದು ಅವನ ಕಾಳಜಿ. ಜಾತ್ರೆಯ ನಂತರದ ಬಾಡೂಟಕ್ಕೆ ಯಾರು ಯಾರ ಮನೆಗೆ ಹೋಗಬೇಕು, ಪಕ್ಕದ ಮನೆಯಿಂದ ಬಂದ ಪ್ರಸಾದ ಏನು ಮಾಡಬೇಕು ಎಂಬುದು ಬೇರೆ ಬೇರೆ ಧರ್ಮದವರು ಒಂದೇ ಓಣಿಯಲ್ಲಿರುವ ಕಡೆ ಇವತ್ತಿಗೂ ಇರುವ ಪ್ರಶ್ನೆ.

ಪೌಲ ಹೊಟ್ಟೆಗೆ ಏನು ಮಾಡುತ್ತಿದ್ದ? ಗುಡಾರ ಮಾಡುವ ಕಸುಬು. ಆ ಕಾಲದ ಗುಡಾರಕ್ಕೆ ಚರ್ಮವೂ ಬೇಕಾಗುತ್ತಿತ್ತು, ಹೀಗಾಗಿ ಅವನು ಚರ್ಮ ಹೊಲಿಯುವವನು ಎನ್ನುವವರೂ ಇದ್ದಾರೆ. ಹಗಲು ರಾತ್ರಿ ದುಡಿದೆ, ನಿಮಗೆ ಹೊರೆ ಆಗಲಿಲ್ಲ ಎಂದು ಥೆಸಲೊನೀಕದವರಿಗೆ ನೆನಪಿಸುತ್ತಾನೆ. ಕೊರಿಂಥದ ಉಳ್ಳವರಿಗೆ ಇದು ಇಷ್ಟವಾಗಲಿಲ್ಲ. ಕೈಕೆಲಸ ಮಾಡುವವನು ಗುರು ಹೇಗಾದಾನು, ರೊಕ್ಕ ತೆಗೆದುಕೊಳ್ಳದ ಉಪದೇಶಕ್ಕೆ ಬೆಲೆ ಏನು ಎಂಬುದು ಅವರ ಧಾಟಿ. ಹರಳಯ್ಯನ ಹೆಸರು ಗೊತ್ತಿದ್ದ ನಾಡಿನವರು ನಾವು. ಕಾಯಕದವನ ಮಾತಿಗೆ ತೂಕ ಕೊಡಲು ಉಳ್ಳವರು ಎಷ್ಟು ಹಿಂದೇಟು ಹಾಕುತ್ತಾರೆ ಅನ್ನುವುದು ಗೊತ್ತಿದ್ದದ್ದೇ.

ಈ ಪತ್ರಗಳನ್ನು ಹೊತ್ತು ತಂದವರು ನಮ್ಮ ನೆಲದಲ್ಲಿ ಪಂಕ್ತಿಯ ಪ್ರಶ್ನೆಗೆ ಏನು ಮಾಡಿದರು? ಒಂದೇ ಉತ್ತರ ಇಲ್ಲ. ತಮಿಳುನಾಡಿನ ಹಳೆಯ ಸಭೆಗಳಲ್ಲಿ ಮೇಲುಜಾತಿಯಿಂದ ಬಂದವರು ಬೇರೆ ಕೂರುತ್ತಿದ್ದರು. 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ಇದು ನಡೆಯಬಾರದು ಎಂದು ಆಜ್ಞೆ ಬರೆದಾಗ ತಂಜಾವೂರು ಕಡೆ ಬಹಳ ಜನ ಸಭೆಯನ್ನೇ ಬಿಟ್ಟು ನಡೆದರು. ಅಂತಿಯೋಕ್ಯದಲ್ಲಿ ಪೇತ್ರ ಎದ್ದ ಹಾಗೆ. ಕನ್ನಡ ನಾಡಿನಲ್ಲಿ ಕೆಲಸ ಮಾಡಿದ ಬಾಸೆಲ್ ಮಿಶನ್ ಜಾತಿಯ ವಿಷಯದಲ್ಲಿ ಬಿಗಿ ಹಿಡಿಯಿತು. ಅದಕ್ಕೆ ಬೇರೆ ಬೆಲೆ ತೆರಬೇಕಾಯಿತು. ಹೊಸದಾಗಿ ಸೇರಿದವರನ್ನು ಅವರ ಮನೆಯವರು ಹೊರಹಾಕಿದರು, ಜಾತಿಯ ಕಸುಬೂ ಹೋಯಿತು, ಹೊಲವೂ ಹೋಯಿತು. ಅವರಿಗೆ ಕೆಲಸ ಕೊಡಬೇಕು ಎಂದು ಮಿಶನ್ನಿನವರು ಮಗ್ಗ ಹಾಕಿದರು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆಗೆದರು. ನಮ್ಮ ಹಳೇ ಶಾಲೆಗಳ ಮೇಲೆ ಈಗಲೂ ಕಾಣುವ ಮಂಗಳೂರು ಹಂಚಿನ ಹಿಂದೆ ಈ ಕಥೆ ಇದೆ. ಒಂದು ಪಂಕ್ತಿಯಲ್ಲಿ ಕೂತು ಉಂಡವರಿಗೆ ದುಡಿಮೆ ಹುಡುಕಲು ಹೋಗಿ ಹಂಚು ಹುಟ್ಟಿತು.

ಹಂಚು ಬಂದರೂ ಜಾತಿ ಪೂರ್ತಿ ಹೋಗಲಿಲ್ಲ. 1925ರ ಏಪ್ರಿಲಿನಲ್ಲಿ ನಮ್ಮ ನಿಪ್ಪಾಣಿಗೆ ಬಂದು ಪರಿಷತ್ತು ನಡೆಸಿದ ಡಾ. ಅಂಬೇಡ್ಕರ್ ಅವರು ಮುಂದೆ ಕ್ರೈಸ್ತರಾದ ದಲಿತರ ಸ್ಥಿತಿಯ ಬಗ್ಗೆ ಬರೆಯುವಾಗ, ಸಭೆಯ ಒಳಗೂ ಜಾತಿ ಉಳಿದುಕೊಂಡದ್ದನ್ನು ಖಾರವಾಗಿಯೇ ಎತ್ತಿ ತೋರಿಸಿದ್ದಾರೆ. ಗಲಾತ್ಯದವರಿಗೆ ಬರೆದ ಪತ್ರವನ್ನು ಓದುವ ಜನವೇ ಆ ಪತ್ರದ ಮಾತನ್ನು ಕೇಳಿಸಿಕೊಳ್ಳಲಿಲ್ಲ ಎಂಬ ದೂರು ಅದು. ನಮಗೆ ಆ ದೂರು ನ್ಯಾಯದ್ದೇ ಅನಿಸುತ್ತದೆ.

ಎಲ್ಲಕ್ಕಿಂತ ಚಿಕ್ಕ ಪತ್ರ ಫಿಲೆಮೋನನಿಗೆ ಬರೆದದ್ದು. 25 ವಚನ, ಫೋನಿನಲ್ಲಿ ಒಂದೆರಡು ಸಲ ಬೆರಳು ಎಳೆದರೆ ಮುಗಿಯಿತು. ಪೌಲ ಸೆರೆಯಲ್ಲಿದ್ದಾನೆ. ಒನೇಸಿಮ ಎಂಬ ಗುಲಾಮ ಅವನ ಹತ್ತಿರ ಬಂದು ಸೇರಿದ್ದಾನೆ. ಅವನ ಒಡೆಯ ಫಿಲೆಮೋನ, ಪೌಲನ ಗೆಳೆಯನೇ. ಒನೇಸಿಮ ಎಂದರೆ ಉಪಯೋಗಿ ಎಂದು ಅರ್ಥ. ಗುಲಾಮರಿಗೆ ಇಂಥ ಹೆಸರು ಇಡುತ್ತಿದ್ದರು. ಮೊದಲು ನಿನಗೆ ನಿರುಪಯೋಗಿಯಾಗಿದ್ದವನು ಈಗ ನಿನಗೂ ನನಗೂ ಉಪಯೋಗಿ ಎಂದು ಪೌಲ ಹೆಸರಿನ ಮೇಲೆ ಆಟ ಆಡುತ್ತಾನೆ. ಅವನನ್ನು ಗುಲಾಮನಾಗಿ ಅಲ್ಲ, ತಮ್ಮನಾಗಿ ಸೇರಿಸಿಕೋ ಎನ್ನುತ್ತಾನೆ. ಸಾಲ ಏನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಹಚ್ಚು, ನಾನು ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆದು ಕೊಡುತ್ತಾನೆ. ಜೊತೆಗೆ, ನನಗೊಂದು ಕೋಣೆ ಸಜ್ಜುಮಾಡಿಡು, ಬರುತ್ತೇನೆ ಎಂದೂ ಸೇರಿಸುತ್ತಾನೆ. ಅಂದರೆ ಬಂದು ನೋಡುತ್ತೇನೆ ಅಂತ! ಈ ಪತ್ರ ಫಿಲೆಮೋನನೊಬ್ಬನಿಗೆ ಅಲ್ಲ, ಅವನ ಮನೆಯಲ್ಲಿ ಕೂಡುವ ಇಡೀ ಸಭೆಗೆ ಬರೆದದ್ದು. ನಾಲ್ಕು ಮಂದಿಯ ಮುಂದೆ ಗಟ್ಟಿಯಾಗಿ ಓದಿದ ಮೇಲೆ ಒಡೆಯ ಹೇಗೆ ಇಲ್ಲ ಎಂದಾನು?

ಇಷ್ಟೆಲ್ಲ ಜಾಣತನ ಇದ್ದ ಪೌಲ, ಗುಲಾಮಗಿರಿಯೇ ತಪ್ಪು ಎಂಬ ಒಂದು ಮಾತು ಬರೆಯಲಿಲ್ಲ. ಆ ಜಾಗದಲ್ಲಿ ಮುಂದಿನವರು ತಮಗೆ ಬೇಕಾದ್ದನ್ನು ತುಂಬಿಕೊಂಡರು. ಅಮೆರಿಕದ ಒಡೆಯರು ಈ ಪತ್ರ ತೋರಿಸಿ, ನೋಡಿ, ಪೌಲನೇ ಗುಲಾಮನನ್ನು ವಾಪಸ್ ಕಳಿಸಿದ್ದಾನೆ ಎಂದರು. 1833ರಲ್ಲಿ ಜಾರ್ಜಿಯಾ ಪ್ರಾಂತದಲ್ಲಿ ಚಾರ್ಲ್ಸ್ ಜೋನ್ಸ್ ಎಂಬ ಪಾದ್ರಿ ಗುಲಾಮರ ಮುಂದೆ ಈ ಪತ್ರ ಹಿಡಿದು ಓಡಿಹೋಗುವುದು ತಪ್ಪು ಎಂದು ಉಪದೇಶ ಮಾಡಿದ. ಅರ್ಧದಷ್ಟು ಜನ ಎದ್ದು ನಡೆದರು. ಅಂಥ ಪತ್ರ ಬೈಬಲ್ಲಿನಲ್ಲಿ ಇಲ್ಲವೇ ಇಲ್ಲ ಎಂದು ಕೆಲವರು ಮುಖಕ್ಕೆ ಹೇಳಿದರು. ಇದನ್ನು ಜೋನ್ಸನೇ ಬರೆದಿಟ್ಟಿದ್ದಾನೆ. ಅಕ್ಷರ ಬಾರದ ಆ ಜನ, ಪಾದ್ರಿಗಿಂತ ಚೆನ್ನಾಗಿ ಪತ್ರ ಓದಿದರು ಎಂದು ನಮಗೆ ಅನಿಸುತ್ತದೆ. ನಮ್ಮ ದೇಶದಲ್ಲಿ ಜೀತ ಪದ್ಧತಿ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಮುಂಗಡದ ರೊಕ್ಕ ಇಸಗೊಂಡು ಕಬ್ಬು ಕಡಿಯಲು ಬರುವ ಗ್ಯಾಂಗುಗಳು ಪ್ರತಿ ಹಂಗಾಮಿಗೆ ನಮ್ಮ ಹೊಲಗಳ ಬದಿಗೆ ಗುಡಿಸಲು ಹಾಕುತ್ತವೆ. ಸಾಲ ನನ್ನ ಲೆಕ್ಕಕ್ಕೆ ಹಚ್ಚು ಎನ್ನುವ ಪೌಲ ಅವರಿಗೆ ಸಿಗುವುದಿಲ್ಲ.

ಹೆಂಗಸರ ವಿಷಯದಲ್ಲಿ ಪತ್ರಗಳು ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ತಿಮೊಥೆಯನಿಗೆ ಬರೆದದ್ದರಲ್ಲಿ ಹೆಂಗಸರು ಸುಮ್ಮನಿರಬೇಕು, ಕಲಿಸಬಾರದು ಎಂದಿದೆ. ಆದರೆ ಇದು ಆ ವಾದದಲ್ಲಿರುವ 6 ಪತ್ರಗಳ ಪೈಕಿ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಹೆಂಗಸರು ಸಭೆಯಲ್ಲಿ ಪ್ರಾರ್ಥನೆ, ಪ್ರವಾದನೆ ಮಾಡುವಾಗ ತಲೆ ಮೇಲೆ ಮುಸುಕು ಇರಲಿ ಎನ್ನುತ್ತಾನೆ. ಸೆರಗಿನ ಮಾತು ನಮಗೆ ಗೊತ್ತು, ಆದರೆ ಸೆರಗಿನ ಕೆಳಗಿನ ಬಾಯಿ ಮಾತಾಡುತ್ತಿತ್ತು ಅನ್ನುವುದನ್ನು ಗಮನಿಸಬೇಕು. ಅದೇ ಪತ್ರದಲ್ಲಿ ಮುಂದೆ ಹೆಂಗಸರು ಮೌನವಾಗಿರಲಿ ಎಂಬ ಮಾತೂ ಬರುತ್ತದೆ. ಅದು ಆಮೇಲೆ ಯಾರೋ ಸೇರಿಸಿದ್ದು ಎಂದು ಹಲವು ವಿದ್ವಾಂಸರು ವಾದಿಸುತ್ತಾರೆ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ ಬರೀ ನಮಸ್ಕಾರಗಳ ಪಟ್ಟಿ. ಅದರಲ್ಲಿ ಗಂಡ ಅಕ್ವಿಲನಿಗಿಂತ ಹೆಂಡತಿ ಪ್ರಿಸ್ಕಳ ಹೆಸರು ಮೊದಲು. ಯೂನ್ಯ ಎಂಬಾಕೆಯನ್ನು ಅಪೊಸ್ತಲರ ನಡುವೆ ಹೆಸರಾದವಳು ಎಂದಿದ್ದಾನೆ. ಮುಂದಿನ ಕಾಲದವರಿಗೆ ಇದು ನುಂಗಲಾರದ ತುತ್ತಾಗಿ, ಎಷ್ಟೋ ಪ್ರತಿಗಳಲ್ಲಿ ಆಕೆಯ ಹೆಸರನ್ನು ಗಂಡಸಿನ ಹೆಸರಾಗಿ ತಿದ್ದಿ ಓದಿದರು.

ಪಕ್ಕದ ಮರಾಠಿಯಲ್ಲಿ ಈ ಪತ್ರಗಳನ್ನು ಒಬ್ಬ ಹೆಣ್ಣುಮಗಳೇ ಅನುವಾದ ಮಾಡಿದ್ದಾಳೆ. ಪಂಡಿತಾ ರಮಾಬಾಯಿ, 1858ರಲ್ಲಿ ಈಗಿನ ಕರ್ನಾಟಕದ ಘಟ್ಟದ ಕಾಡಿನಲ್ಲಿ ಹುಟ್ಟಿದವರು. ಮೂಲ ಭಾಷೆಗಳನ್ನು ಕಲಿತು, ಸಾದಾ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲ್ ತಂದರು. ಹೆಂಗಸು ಕಲಿಸಬಾರದು ಎಂಬ ಆ ಸಾಲನ್ನೂ ಅವರ ಕೈಯೇ ಮರಾಠಿಗೆ ಇಳಿಸಿತು.

ಪೌಲನ ಕೊನೆಯ ದೊಡ್ಡ ಕೆಲಸ ಪಟ್ಟಿ ಎತ್ತುವುದು. ಯೆರೂಸಲೇಮಿನ ಸಭೆಯಲ್ಲಿ ಬಡತನ ಇತ್ತು. ಪೇತ್ರ, ಯಾಕೋಬರ ಕಡೆಯ ಆ ಜನಕ್ಕೇ, ಅವರು ಯಾರ ಪಂಕ್ತಿಯಿಂದ ಎದ್ದಿದ್ದರೋ ಆ ಜನರಿಂದ ಹಣ ಕೂಡಿಸಿದ. ವಾರದ ಮೊದಲ ದಿನ ಅವರವರ ಶಕ್ತಿಯಷ್ಟು ತೆಗೆದಿಡಿ ಎಂದು ಕೊರಿಂಥಕ್ಕೆ ಬರೆದ. ತಾನೊಬ್ಬನೇ ಹಣ ಮುಟ್ಟಲಿಲ್ಲ. ಸಭೆಗಳೇ ಆರಿಸಿದವರನ್ನು ಜೊತೆಗೆ ಇಟ್ಟುಕೊಂಡ, ಯಾರೂ ಬೆರಳು ತೋರಿಸಬಾರದು ಎಂದು. ಜಾತ್ರಾ ಕಮಿಟಿಯ ಲೆಕ್ಕದ ಜಗಳ ವರದಿ ಮಾಡಿ ಮಾಡಿ ದಣಿದ ನಮಗೆ ಈ ಭಾಗ ಓದುವಾಗ ಖುಷಿಯಾಗುತ್ತದೆ. ರೋಮಾಪುರದವರಿಗೆ ಬರೆಯುವಾಗ ಅವನು ಆ ಹಣ ಹಿಡಿದು ಯೆರೂಸಲೇಮಿಗೆ ಹೊರಟಿದ್ದ, ಅವರು ಇದನ್ನು ಸ್ವೀಕರಿಸುತ್ತಾರೋ ಇಲ್ಲವೋ ಎಂಬ ಅಂಜಿಕೆಯನ್ನು ಮುಚ್ಚಿಡಲಿಲ್ಲ. ಅಲ್ಲಿ ಅವನನ್ನು ಹಿಡಿದರು. ಸೆರೆಯಾಳಾಗಿ ರೋಮಿಗೆ ಹೋದ.

ರೋಮಿಗೆ ಅವನಿಗಿಂತ ಮೊದಲೇ ಮುಟ್ಟಿದ್ದ ಆ ಪತ್ರವನ್ನು ಒಯ್ದವಳು ಫೊಯಿಬೆ ಎಂಬಾಕೆ, ಕೊರಿಂಥದ ಬಂದರಾದ ಕೆಂಖ್ರೆಯ ಸಭೆಯವಳು. ಬರೆದವನು ತೆರ್ತ್ಯ. ಇಡೀ ಪತ್ರದಲ್ಲಿ ಪೌಲನೇ ಮಾತಾಡುತ್ತಾನೆ, ಆದರೆ ಕೊನೆಯ ಪುಟದಲ್ಲಿ ಒಂದು ಕಡೆ ಈ ಬರೆಯುವವನು ತಲೆ ಎತ್ತಿ, ಕಾಗದ ಬರೆದವನು ನಾನು, ನನ್ನದೂ ನಮಸ್ಕಾರ ಎಂದು ತನ್ನ ಹೆಸರು ಹಾಕಿಕೊಂಡಿದ್ದಾನೆ. ‘ನಮ್ಮ ವರದಿಗಾರರಿಂದ’ ಎಂಬ ಒಂದೇ ಸಾಲಿನಡಿ ವರ್ಷಗಟ್ಟಲೆ ಬರೆಯುತ್ತಿರುವ ನಮಗೆ ಆ ತೆರ್ತ್ಯನ ಮೇಲೆ ಬಹಳ ಪ್ರೀತಿ.